ಲೆಕ್ಕಕ್ಕೆ ಅಷ್ಟು ಅವಸರ ಯಾಕೆ?



‘ನಿಧಾನವೇ ಪ್ರಧಾನ’ ಅಂತ ಮನೆಯಲ್ಲಿ ಹಿರಿಯರು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಸೈಕಲ್ ಹತ್ತಿದರೆ ನಿಧಾನ, ಹೊಳೆಗೆ ಇಳಿದರೆ ನಿಧಾನ, ಉಣ್ಣುವಾಗಲೂ ನಿಧಾನ. ಆದರೆ ಈ ಗಾದೆ ಲೆಕ್ಕದ ಪೀರಿಯಡ್ಡಿಗೆ ಮಾತ್ರ ಯಾಕೆ ಬರೋದಿಲ್ಲ ಅನ್ನೋದು ನನ್ನ ಪ್ರಶ್ನೆ. ಅಲ್ಲಿ ಮೊದಲು ಕೈ ಎತ್ತಿದವನೇ ಜಾಣ. ಎರಡನೆಯವನಿಗೆ ‘ಪರವಾಗಿಲ್ಲ’. ಯೋಚನೆ ಮಾಡುತ್ತಾ ಕುಂತವನು ದಡ್ಡ.

ನನಗೂ ಹಾಗೇ ಆಗಿದೆ. ಈ ಶಾಲೆಗೆ ಬರುವ ಮುಂಚೆ ಒಂದು ದಿನ ತರಗತಿಯಲ್ಲಿ ಎಲ್ಲರನ್ನೂ ಎದ್ದು ನಿಲ್ಲಿಸಿ ಮಗ್ಗಿ ಕೇಳಿದರು. “ಹದಿನೇಳೆಂಟ್ಲೆ ಎಷ್ಟು?” ನಾನು ಮನಸ್ಸಿನಲ್ಲಿ ಹತ್ತೆಂಟ್ಲೆ ಎಂಬತ್ತು, ಏಳೆಂಟ್ಲೆ ಐವತ್ತಾರು ಅಂತ ಕೂಡಿಸುತ್ತಿದ್ದೆ. ನೂರಾ ಮೂವತ್ತಾರು ಅಂತ ಬಾಯಿಗೆ ಬರುವಷ್ಟರಲ್ಲಿ ಪಕ್ಕದವನು ಹೇಳಿಬಿಟ್ಟ. “ನಿನ್ನ ತಲೀಗೆ ಲೆಕ್ಕ ಹತ್ತಂಗಿಲ್ಲ ಬಿಡು” ಅಂದರು. ಆ ಮಾತನ್ನು ನಾನು ಎರಡು ವರ್ಷ ನಂಬಿದೆ. ನಮ್ಮಲ್ಲಿ ಇನ್ನೂ ಎಷ್ಟೋ ಜನ ಅಂಥದೊಂದು ಮಾತನ್ನು ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕುಂತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈಗ ಒಂದು ಸಂಖ್ಯೆಯನ್ನು ನೋಡಿ.

12345654321

ಇದನ್ನು ನಾನು ಬೋರ್ಡಿನ ಮೇಲೆ ಬರೆದಾಗ ಗೆಳೆಯನೊಬ್ಬ, “ಏನಲೇ ಇದು, ಯಾರದರ ಬ್ಯಾಂಕ್ ಅಕೌಂಟ್ ನಂಬರೇನು?” ಅಂದ. ಇನ್ನೊಬ್ಬ, “ಓದಾಕ ಬರತೈತೇನು ನಿನಗ?” ಅಂದ. ಓದಲು ಬರುತ್ತದೆ. ಒಂದು ಸಾವಿರದ ಇನ್ನೂರ ಮೂವತ್ನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಅಂಗಡಿಯ ಎಂಟಂಕಿಯ ಸಣ್ಣ ಕ್ಯಾಲ್ಕುಲೇಟರ್‌ನಲ್ಲಿ ಇದು ಹಿಡಿಸುವುದೇ ಇಲ್ಲ. ಆದರೆ ನಮ್ಮ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಹಿಡಿಸುತ್ತದೆ.

ಇದು ನಾನು ಮಾಡಿದ ಸಂಖ್ಯೆಯಲ್ಲ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲಿದೆ. (ಇವರು ತೀರ್ಥಂಕರ ಮಹಾವೀರರಲ್ಲ. ಅವರಿಗಿಂತ ಬಹಳ ಶತಮಾನಗಳ ನಂತರದ ಜೈನ ಗಣಿತಜ್ಞರು.) ಆಗ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಪುಸ್ತಕದ ಆರಂಭದಲ್ಲಿ ಮಹಾವೀರಾಚಾರ್ಯರು ಅವನನ್ನು ಹೊಗಳಿದ್ದಾರೆ. ಅವನ ರಾಜಧಾನಿ ಮಾನ್ಯಖೇಟ ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಆ ಹೆಸರು ಬಂದದ್ದು ಅದೇ ಅಮೋಘವರ್ಷನ ಸಾಮಂತ ಬಂಕೇಯನಿಂದ. ಆದ್ದರಿಂದ ಈ ಸಂಖ್ಯೆ ಎಲ್ಲಿಂದಲೋ ಬಂದ ಪರದೇಶಿಯಲ್ಲ, ನಮ್ಮ ಕಡೆಯದೇ.

ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದರು. 2000ದಲ್ಲಿ ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊಂಬುಜದಿಂದ ಬಂತು. ಅದರಲ್ಲಿ ಗುಣಾಕಾರ ಕಲಿಸುವಾಗ ಮಹಾವೀರಾಚಾರ್ಯರು ಬೇಜಾರಿನ ಲೆಕ್ಕ ಕೊಡುವುದಿಲ್ಲ. ಉತ್ತರ ಬಂದಾಗ ಮುಖ ಅರಳುವಂಥ ಲೆಕ್ಕ ಕೊಡುತ್ತಾರೆ. ಕೆಲವನ್ನು ನೀವೇ ಗುಣಿಸಿ ನೋಡಿ:

139 × 109 = 15151
152207 × 73 = 11111111
142857143 × 7 = 1000000001
27994681 × 441 = 12345654321

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಉತ್ತರಗಳನ್ನು ಅವರು ಕೊರಳಿನ ಹಾರಕ್ಕೆ ಹೋಲಿಸಿದ್ದಾರೆ. ಹಾರವನ್ನು ಯಾವ ಕಡೆಯಿಂದ ಹಿಡಿದರೂ ಮಣಿಗಳ ಸಾಲು ಅದೇ ಅಲ್ಲವೇ!

ಇಲ್ಲಿಗೇ ನಿಲ್ಲಿಸಿ, “ಅಬ್ಬಾ, ಎಂಥ ಪವಾಡ!” ಅನ್ನುವವರು ಬಹಳ. ನನ್ನ ತಕರಾರು ಅಲ್ಲೇ ಇರೋದು. ಹಾರವನ್ನು ನೋಡಿ ಕೈ ಮುಗಿದು ಬಂದರೆ ಸಾಲದು, ದಾರ ಎಲ್ಲಿದೆ ಅಂತ ನೋಡಬೇಕು. ಬನ್ನಿ, ಯಾವ ಅವಸರವೂ ಇಲ್ಲದೆ ಬಿಚ್ಚೋಣ.

ಮೊದಲು ಅಂಕಿಗಳನ್ನು ಕೂಡಿಸಿ. 1+2+3+4+5+6+5+4+3+2+1 = 36. ಅಂಕಿಗಳ ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ ಅಂತ ನಾವು ಕಲಿತಿದ್ದೇವೆ. ಹಾಗಾದರೆ ಇದು 9ರಿಂದ ಭಾಗವಾಗುತ್ತದೆ. ಇನ್ನು ಒಂದು ಬಿಟ್ಟು ಒಂದು ಅಂಕಿ ಕೂಡಿಸಿ. 1+3+5+5+3+1 = 18. ಉಳಿದವು 2+4+6+4+2 = 18. ಎರಡೂ ಸಮ, ವ್ಯತ್ಯಾಸ ಸೊನ್ನೆ. ಆದ್ದರಿಂದ 11ರಿಂದಲೂ ಭಾಗವಾಗುತ್ತದೆ. ನೋಡಿ, ಒಂದೇ ಒಂದು ಭಾಗಾಕಾರ ಮಾಡದೆ ಎರಡು ಗುಟ್ಟು ಸಿಕ್ಕವು.

ಈಗ ದೊಡ್ಡ ಗುಟ್ಟು. 111111ನ್ನು 111111ರಿಂದ ಗುಣಿಸಿ. ಗುಣಾಕಾರದ ಸಾಲುಗಳನ್ನು ಬರೆದರೆ ಆರು ಸಾಲು, ಪ್ರತಿ ಸಾಲಿನಲ್ಲೂ ಆರು ಒಂದುಗಳು, ಒಂದೊಂದು ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಮನೆಯಲ್ಲಿ ಒಂದೇ 1. ಅದರ ಪಕ್ಕ ಎರಡು. ಆಮೇಲೆ ಮೂರು, ನಾಲ್ಕು, ಐದು, ನಟ್ಟ ನಡುವೆ ಆರು. ಮತ್ತೆ ಇಳಿಯುತ್ತಾ ಬಂದು ಒಂದು. ಎಲ್ಲೂ ದಶಕ ಏರುವುದಿಲ್ಲ. ಅದಕ್ಕೇ ಉತ್ತರ 12345654321. ನಮ್ಮ ಸಂಖ್ಯೆ 111111ರ ವರ್ಗ. ಪವಾಡ ಏನೂ ಇಲ್ಲ, ಮೆಟ್ಟಿಲು ಇದೆ, ಅಷ್ಟೇ.

ಕಾರಣ ಗೊತ್ತಾದರೆ ಸೊಗಸು ಹೋಗುತ್ತದೆ ಅಂತ ಕೆಲವರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಾರಣ ಗೊತ್ತಿದ್ದರೆ ಮುಂದೆ ಏನಾಗುತ್ತದೆ ಅಂತಲೂ ಗೊತ್ತಾಗುತ್ತದೆ. ಒಂಬತ್ತು ಒಂದುಗಳ ವರ್ಗ 12345678987654321. ಹಾಗಾದರೆ ಹತ್ತು ಒಂದುಗಳ ವರ್ಗವೂ ಹೀಗೇ ಇರುತ್ತದಾ? ಇಲ್ಲ! ನಡುವಿನ ಮನೆಯಲ್ಲಿ ಹತ್ತು ಬಂತು, ದಶಕ ಏರಿತು, ಮಾಲೆ ಹರಿಯಿತು. ಉತ್ತರ 1234567900987654321. ಬರೀ ಮಾಲೆ ನೋಡಿ ನಂಬಿದವನು ಇಲ್ಲಿ ಮೋಸ ಹೋಗುತ್ತಾನೆ. ಮೆಟ್ಟಿಲು ನೋಡಿದವನು ಹೋಗುವುದಿಲ್ಲ.

ಇನ್ನೂ ಒಳಗೆ ಹೋಗೋಣ. 111111ನ್ನು 111 × 1001 ಅಂತ ಬರೆಯಬಹುದು. 111 = 3 × 37. 1001 = 7 × 11 × 13. ಹಾಗಾದರೆ

111111 = 3 × 7 × 11 × 13 × 37

ಈ ಐದೂ ಅವಿಭಾಜ್ಯ ಸಂಖ್ಯೆಗಳು. ಇನ್ನು ಒಡೆಯಲು ಬರೋದಿಲ್ಲ. ನಮ್ಮ ದೊಡ್ಡ ಸಂಖ್ಯೆ ಇದರ ವರ್ಗವಾದ್ದರಿಂದ ಅದರಲ್ಲಿ ಈ ಐದೂ ಎರಡೆರಡು ಸಲ ಇವೆ, ಬೇರೆ ಯಾವುದೂ ಇಲ್ಲ. ಹತ್ತನೇ ತರಗತಿಯ ‘ವಾಸ್ತವ ಸಂಖ್ಯೆಗಳು’ ಪಾಠದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಅಂತ ಬರುತ್ತದಲ್ಲ, ಅದು ಹೇಳುವುದು ಇದನ್ನೇ. ಯಾರು ಒಡೆದರೂ, ಎಲ್ಲಿಂದ ಶುರು ಮಾಡಿದರೂ, ಬೇಗ ಒಡೆದರೂ ತಡವಾಗಿ ಒಡೆದರೂ ಕೊನೆಗೆ ಸಿಗುವ ಅವಿಭಾಜ್ಯಗಳು ಅವೇ. ಒಂದು ಅಂಕದ ಪ್ರಶ್ನೆಗೆ ಅಂತ ಬಾಯಿಪಾಠ ಮಾಡಿದ ಪ್ರಮೇಯದಲ್ಲಿ ಇಷ್ಟು ದೊಡ್ಡ ನ್ಯಾಯ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಈಗ ಮಹಾವೀರಾಚಾರ್ಯರ ಗುಣಾಕಾರಕ್ಕೆ ತಿರುಗಿ ಹೋಗಿ. 441 ಅಂದರೆ 21ರ ವರ್ಗ, 21 ಅಂದರೆ 3 × 7. ಉಳಿದದ್ದು 11 × 13 × 37 = 5291. ಅದರ ವರ್ಗ ಮಾಡಿ ನೋಡಿ, 27994681! ಅವರು ಕೊಟ್ಟ ಎರಡು ಸಂಖ್ಯೆಗಳು ಎಲ್ಲಿಂದ ಬಂದವು ಅನ್ನೋದು ಈ ಐದು ಮಣಿಗಳಿಂದ ಕಣ್ಣಿಗೆ ಕಾಣುತ್ತದೆ. ಇದು ಕಂಡ ದಿನ ರಾತ್ರಿ ನನಗೆ ಬೇಗ ನಿದ್ದೆ ಹತ್ತಲಿಲ್ಲ.

ಇನ್ನೊಂದು. ಈ ದೊಡ್ಡ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ಎಷ್ಟು? ಒಂದೊಂದಾಗಿ ಹುಡುಕಿದರೆ ವರ್ಷ ಬೇಕು. ಮಣಿಗಳಿಂದ ನೋಡಿದರೆ ಐದು ನಿಮಿಷ ಸಾಕು. ಭಾಜಕ ಮಾಡಬೇಕಾದರೆ 3ನ್ನು ತೆಗೆದುಕೊಳ್ಳದೆ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿ. ಉಳಿದ ನಾಲ್ಕಕ್ಕೂ ಹಾಗೇ ಮೂರು ಮೂರು ದಾರಿ. 3 × 3 × 3 × 3 × 3 = 243. ಒಟ್ಟು 243 ಭಾಜಕಗಳು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಇಷ್ಟಕ್ಕೆಲ್ಲ ನನಗೆ ಮೂರು ಸಂಜೆ ಹಿಡಿಯಿತು. ಮೂರು ಸಂಜೆ ತಗೊಂಡವನು ದಡ್ಡನೋ? ನೀವೇ ಹೇಳಿ.

ಇಲ್ಲಿ ನೀವು ಶಕುಂತಲಾದೇವಿಯವರ ಹೆಸರು ಎತ್ತಬಹುದು. ಎತ್ತಬೇಕಾದ್ದೇ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870ನ್ನು 2465099745779ರಿಂದ ಮನಸ್ಸಿನಲ್ಲೇ ಗುಣಿಸಿ, 28 ಸೆಕೆಂಡಿನಲ್ಲಿ 18947668177995426462773730 ಅಂತ ಉತ್ತರ ಹೇಳಿದರು. ಇಪ್ಪತ್ತಾರು ಅಂಕಿ! ಮಹಾವೀರಾಚಾರ್ಯರು ಏಕ, ದಶ, ಶತದಿಂದ ಮಹಾಕ್ಷೋಭದ ತನಕ ಹೆಸರಿಟ್ಟದ್ದು 24 ಸ್ಥಾನಗಳಿಗೆ. ಈ ಉತ್ತರ ಅದನ್ನೂ ದಾಟಿ ಹೋಯಿತು. ಗಿನ್ನೆಸ್ ದಾಖಲೆಯಲ್ಲೂ ಸೇರಿತು. 2013ರಲ್ಲಿ ತೀರಿಹೋದ ಆ ತಾಯಿಯ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ.

ಆದರೆ ಅವರ 28 ಸೆಕೆಂಡಿನಿಂದ ನಾವು ತಪ್ಪು ಪಾಠ ಕಲಿತಿದ್ದೇವೆ ಅಂತ ನನ್ನ ಅಭಿಪ್ರಾಯ. ಲೆಕ್ಕ ಅಂದರೆ ವೇಗ ಅಂದುಕೊಂಡೆವು. ಅವರ ಹಾಗೆ ನಾನು ಗುಣಿಸಲಾರೆ. ನಮ್ಮೂರಲ್ಲಿ ಯಾರೂ ಗುಣಿಸಲಾರರು. ಆದರೆ ಅವರ ಉತ್ತರವನ್ನು ಪರೀಕ್ಷಿಸುವ ಒಂದು ದಾರಿ ಹಿಂದಿನ ಬೆಂಚಿನವನ ಕೈಯಲ್ಲೂ ಇದೆ. ಅಂಕಿಗಳನ್ನು ಕೂಡಿಸಿ. ಮೊದಲ ಸಂಖ್ಯೆಯ ಮೊತ್ತ 78, 9ರಿಂದ ಭಾಗಿಸಿದರೆ ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಆರೆರಡ್ಲೆ ಹನ್ನೆರಡು, 9 ಕಳೆದರೆ 3. ಉತ್ತರದ ಅಂಕಿಗಳ ಮೊತ್ತ 138, ಶೇಷ 3. ತಾಳೆಯಾಯಿತು!

ಇದನ್ನು ಮನೆಯಲ್ಲೂ ಮಾಡಬಹುದು. ಬ್ಯಾಡಗಿ ಮಾರ್ಕೆಟ್ಟಿಗೆ 47 ಚೀಲ ಮೆಣಸಿನಕಾಯಿ ಹೋದವು, ಚೀಲಕ್ಕೆ 38 ಕೆ.ಜಿ. ಅಂತ ಇಟ್ಟುಕೊಳ್ಳಿ. ಒಟ್ಟು 1786. ಒಂಬತ್ತರ ಲೆಕ್ಕದಲ್ಲಿ 47ಕ್ಕೆ 2, 38ಕ್ಕೆ 2, ಗುಣಿಸಿದರೆ 4. 1786ರ ಮೊತ್ತ 22, ಅದಕ್ಕೂ 4. ಸರಿ. ಆದರೆ ಹುಷಾರು! ಚೀಟಿಯಲ್ಲಿ ಅಂಕಿ ಅದಲುಬದಲಾಗಿ 1768 ಅಂತ ಬಿದ್ದರೂ ಮೊತ್ತ 22ನೇ. ಒಂಬತ್ತರ ಪರೀಕ್ಷೆಗೆ ಈ ತಪ್ಪು ಸಿಗೋದಿಲ್ಲ. ಆಗ 11ರ ಪರೀಕ್ಷೆ ಮಾಡಬೇಕು. ಬಲದಿಂದ ಒಂದು ಅಂಕಿ ಕೂಡಿ ಮುಂದಿನದನ್ನು ಕಳೆಯುತ್ತಾ ಹೋದರೆ 1786ಕ್ಕೆ 6−8+7−1 = 4. 1768ಕ್ಕೆ 8−6+7−1 = 8. ಬರಬೇಕಾದದ್ದು ಎಷ್ಟು? 47ನ್ನು 11ರಿಂದ ಭಾಗಿಸಿದರೆ ಶೇಷ 3, 38ಕ್ಕೆ ಶೇಷ 5, ಮೂರೈದ್ಲೆ ಹದಿನೈದು, 11 ಕಳೆದರೆ 4. ಕಳ್ಳ ಸಿಕ್ಕ. ಹದಿನೆಂಟು ಕೆ.ಜಿ. ಮೆಣಸಿನಕಾಯಿ ಉಳಿಯಿತು.

“ಇದೆಲ್ಲ ಸರಿ, ದೊಡ್ಡ ಸಂಖ್ಯೆ ಒಡೆದು ಯಾರಿಗೇನು ಲಾಭ?” ಅಂತ ಕೇಳುವವರಿಗೆ ಒಂದು ಮಾತು. ಮಹಾವೀರಾಚಾರ್ಯರ ಮೊದಲ ಹಾರ 139 × 109 = 15151. ಗುಣಿಸಲು ಒಂದು ನಿಮಿಷ ಸಾಕು. ಆದರೆ ಬರೀ 15151 ಕೊಟ್ಟು ಒಡೆಯಿರಿ ಅಂದರೆ? 2, 3, 5, 7 ಅಂತ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋದರೆ 28 ಸಲ ಸೋತು 29ನೇ ಸಲಕ್ಕೆ 109 ಸಿಗುತ್ತದೆ. ಕಟ್ಟುವುದು ಸುಲಭ, ಬಿಚ್ಚುವುದು ಕಷ್ಟ.

1977ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಆಡ್ಲಮನ್ ಎಂಬ ಮೂವರು ಇದೇ ಗುಣದಿಂದ ಒಂದು ಬೀಗ ಮಾಡಿದರು. ಎರಡು ಭಾರೀ ಅವಿಭಾಜ್ಯಗಳನ್ನು ಗುಣಿಸಿ ಬಂದ ಸಂಖ್ಯೆಯನ್ನು ಎಲ್ಲರಿಗೂ ತೋರಿಸಬಹುದು. ಸಂದೇಶಕ್ಕೆ ಬೀಗ ಹಾಕುವಾಗ ಆ ದೊಡ್ಡ ಸಂಖ್ಯೆ ಬೇಕು. ತೆಗೆಯಬೇಕಾದರೆ ಒಳಗಿನ ಎರಡೂ ಗೊತ್ತಿರಬೇಕು. ಆ ವರ್ಷವೇ 129 ಅಂಕಿಯ ಒಂದು ಸಂಖ್ಯೆಯನ್ನು ಪತ್ರಿಕೆಯಲ್ಲಿ ಹಾಕಿ, ಒಡೆಯಿರಿ ನೋಡೋಣ ಅಂದರು. ಅದು ಒಡೆದದ್ದು 1994ರಲ್ಲಿ. ಸುಮಾರು 600 ಜನ, ಸುಮಾರು 1600 ಕಂಪ್ಯೂಟರುಗಳು, ಎಂಟು ತಿಂಗಳ ಕೆಲಸ. ಸಿಕ್ಕದ್ದು 64 ಅಂಕಿಯದೊಂದು, 65 ಅಂಕಿಯದೊಂದು ಅವಿಭಾಜ್ಯ. ಈಗ ಡಿಜಿಟಲ್ ಸಹಿಗಳಲ್ಲಿ, ಇಂಟರ್ನೆಟ್ಟಿನ ಗುಪ್ತ ಸಂದೇಶಗಳಲ್ಲಿ ಈ ಬೀಗಕ್ಕೆ 617 ಅಂಕಿಯ ಸಂಖ್ಯೆಗಳನ್ನು ಬಳಸುತ್ತಾರೆ. ಅಷ್ಟು ದೊಡ್ಡದನ್ನು ಒಡೆದವರು ಇಲ್ಲ. ಗಮನಿಸಿ, ಎಷ್ಟೇ ವೇಗದ ಕಂಪ್ಯೂಟರ್ ಇದ್ದರೂ ಇಲ್ಲಿ ವೇಗ ಸೋತಿದೆ. ಮುಂದೆ ಯಾರಾದರೂ ಒಡೆದರೆ ಅದು ಹೊಸದೊಂದು ದಾರಿ ಯೋಚಿಸಿದವರಿಂದಲೇ. ಯೋಚನೆಗೆ ಪುರುಸೊತ್ತು ಬೇಕು.

ಗುರುಗಳ ಕಷ್ಟವೂ ನನಗೆ ಗೊತ್ತಿದೆ. ಪಾಠ ಮುಗಿಯಬೇಕು, ಎಸ್.ಎಸ್.ಎಲ್.ಸಿ. ಇದೆ, ಪರೀಕ್ಷೆಯಲ್ಲಿ ಗಡಿಯಾರ ಯಾರನ್ನೂ ಕಾಯುವುದಿಲ್ಲ. ಮಗ್ಗಿ ಬೇಡ ಅಂತ ನಾನು ಹೇಳುತ್ತಿಲ್ಲ. ಮಗ್ಗಿ ಬಾರದೆ ಇದ್ದರೆ ಈ ಹಾರವನ್ನು ಬಿಚ್ಚಲು ನನಗೂ ಆಗುತ್ತಿರಲಿಲ್ಲ. ನನ್ನ ವಿನಂತಿ ಇಷ್ಟೇ. ಬೇಗ ಹೇಳುವುದು ಒಂದು ಜಾಣತನ, ಬಿಡದೆ ಹುಡುಕುವುದು ಇನ್ನೊಂದು ಜಾಣತನ. ಮೊದಲನೆಯದಕ್ಕೆ ಚಪ್ಪಾಳೆ ಇದೆ, ಎರಡನೆಯದಕ್ಕೂ ಒಂದು ಜಾಗ ಇರಲಿ. ಮತ್ತೆ ಯಾರಿಗೂ, ಅದರಲ್ಲೂ ಹೆಣ್ಣುಮಕ್ಕಳಿಗೆ, “ನಿನಗೆ ಲೆಕ್ಕ ಬರಂಗಿಲ್ಲ” ಅಂತ ಅನ್ನಬೇಡಿ. ಒಂದು ನಿಮಿಷದಲ್ಲಿ ಆಡಿದ ಮಾತು ವರ್ಷಗಟ್ಟಲೆ ತಲೆಯಲ್ಲಿ ಉಳಿಯುತ್ತದೆ.

ಅದಕ್ಕೆ ನನ್ನದೊಂದು ಸಲಹೆ. ಈ ಗೋಡೆ ಪತ್ರಿಕೆಯ ಕೆಳಗಿನ ಮೂಲೆಯಲ್ಲಿ ವಾರಕ್ಕೊಂದು ಸಂಖ್ಯೆ ಬರೆಯೋಣ. ಗಡಿಯಾರ ಬೇಡ, ಬಹುಮಾನ ಬೇಡ, ಮೊದಲು ಬಂದವರು ಕೊನೆಗೆ ಬಂದವರು ಅನ್ನೋದೂ ಬೇಡ. ಒಡೆದವರು ಹೇಗೆ ಒಡೆದೆವು ಅಂತ ಬರೆದು ಅಂಟಿಸಲಿ. ಅರ್ಧ ದಾರಿಗೆ ನಿಂತವರೂ ತಾವು ನೋಡಿದಷ್ಟನ್ನು ಅಂಟಿಸಲಿ. ಅವರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿಯಬಹುದು.

ಮೊದಲನೆಯದನ್ನು ನಾನೇ ಕೊಡುತ್ತೇನೆ. ಆರು ಒಂದುಗಳನ್ನು ಒಡೆದದ್ದಾಯಿತು. ಈಗ ಏಳು ಒಂದುಗಳು:

1111111

ನೋಡಲು ಆರರ ತಂಗಿಯ ಹಾಗೇ ಇದೆ, ಆದರೆ ಸ್ವಭಾವ ಬೇರೆ. ಇದು ಅವಿಭಾಜ್ಯ ಅಲ್ಲ, ಒಡೆಯುತ್ತದೆ. ಆದರೆ 200ರ ಒಳಗಿನ ಯಾವ ಅವಿಭಾಜ್ಯಕ್ಕೂ ಬಗ್ಗುವುದಿಲ್ಲ. ಅಲ್ಲಿಂದ ಮುಂದೆ ನೀವು ಹುಡುಕಿ. ಒಂದು ದಿನವಾಗಲಿ, ಒಂದು ವಾರವಾಗಲಿ. ಸಿಕ್ಕಾಗ ನನ್ನ ಹತ್ತಿರ ಬಂದು ಹೇಳಿ, ನಾನು ಯಾರೆಂದು ಅಕ್ಷರ ನೋಡಿದರೆ ಗೊತ್ತಾಗುತ್ತದೆ.

ತಪ್ಪಿದ್ದರೆ ತಿದ್ದಿ, ಸರಿಯಿದ್ದರೆ ಯೋಚಿಸಿ.

– ಹಿಂದಿನ ಬೆಂಚಿನವನು, 10ನೇ ತರಗತಿ, ಕುಮಾರಪಟ್ಟಣ